ಹೊಗೆ ಯಾರ ಪಾಲಿಗೆ ಹೆಚ್ಚು?

ಒಂದೇ ಸೂರಿನಡಿ ಇದ್ದರೂ ಎಲ್ಲರ ಉಸಿರಿಗೂ ಒಂದೇ ಗಾಳಿ ಸಿಗುವುದಿಲ್ಲ. ಒಲೆ ಮುಂದೆ ಕೂರುವ ಹೆಂಗಸು, ಅವಳ ಮಡಿಲಲ್ಲಿರುವ ಕೂಸು, ಚಳಿಯೆಂದು ಬಚ್ಚಲ ಒಲೆ ಬಿಟ್ಟು ಏಳದ ಅಜ್ಜಿ: ಹೊಗೆ ಕುಡಿಯುವವರು ಇವರೇ. ಜಗಲಿಯಲ್ಲಿ ಕೂತು ಪೇಪರ್ ಓದುವವರಿಗೆ ಅಷ್ಟು ತಾಗದು. ಹಾಗಾಗಿ ಅಡುಗೆ ಮುಗಿಯುವವರೆಗೆ ಮಗುವನ್ನು ಅವರೇ ಎತ್ತಿಕೊಂಡು ಹೊರಗಿರಲಿ. ಇದಕ್ಕೆ ಕಾಸಿನ ಖರ್ಚಿಲ್ಲ.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಎಷ್ಟೋ ಮನೆಗೆ ಸಿಲಿಂಡರ್ ಬಂತು. ಆದರೆ ಸ್ನಾನದ ಹಂಡೆಗೆ, ದನಕ್ಕೆ ಹುರುಳಿ ಬೇಯಿಸಲು ಹಳ್ಳಿಗಳಲ್ಲಿ ಇವತ್ತಿಗೂ ಸೌದೆಯೇ. ಸೌದೆ ಉರಿಸಲೇಬೇಕೆಂದರೆ ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಮಳೆ ತಾಗದ ಕಡೆ ಆರು ತಿಂಗಳು ಒಣಗಿಸಿ. ಎರಡು ತುಂಡು ಬಡಿದಾಗ ಟಣ್ ಎಂದರೆ ಒಣಗಿದೆ, ದಬ್ ಎಂದರೆ ಒಳಗಿನ್ನೂ ಹಸಿ. ಹಸಿ ಸೌದೆಯ ಕಾವೆಲ್ಲ ನೀರಾರಿಸುವುದಕ್ಕೇ ಹೋಗುತ್ತದೆ, ಅರೆಬೆಂದು ಹೊಗೆ ಕಕ್ಕುತ್ತದೆ. ಒಲೆ ಬಾಯಿಗೆ ಸೌದೆ ತುರುಕಿದರೂ ಇದೇ ಗತಿ. ಗಾಳಿಯಾಡುವಷ್ಟು ಜಾಗ ಬಿಡಿ. ಹೊಗೆಕೊಳವೆಯನ್ನು ತಿಂಗಳಿಗೊಮ್ಮೆ ಮಸಿ ಕೆರೆದು ಚೊಕ್ಕ ಮಾಡಿ. ಹೊಗೆ ಒಲೆಯ ಬಾಯಿಂದ ಹಿಂದಕ್ಕೆ ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಅದನ್ನೇ.

ಗ್ಯಾಸ್ ಇದೆಯೆಂದು ನಿಶ್ಚಿಂತೆ ಬೇಡ. ಮೆಣಸಿನಕಾಯಿ ಒಗ್ಗರಣೆಯ ಘಾಟು ಕೆಮ್ಮು ತರಿಸಿ ಎಚ್ಚರಿಸುತ್ತದೆ, ಆದರೆ ಕಾದ ಎಣ್ಣೆಯ ಸಣ್ಣ ಕಣ ಸದ್ದಿಲ್ಲದೆ ಎದೆಗಿಳಿಯುತ್ತದೆ. ಎಕ್ಸಾಸ್ಟ್ ಫ್ಯಾನನ್ನು ಒಲೆ ಹಚ್ಚುವ ಮೊದಲೇ ಹಾಕಿ, ಆರಿಸಿದ ಮೇಲೂ ಹತ್ತು ನಿಮಿಷ ಓಡಲಿ. ಬಹಳ ಮನೆಗಳಲ್ಲಿ ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆದಿರುತ್ತಾರೆ. ಆಗ ಫ್ಯಾನು ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಹಾಕುತ್ತದೆ, ಒಲೆ ಮೇಲಿನ ಹೊಗೆ ಅಲ್ಲೇ ಸುತ್ತುತ್ತದೆ. ಅದನ್ನು ಮುಚ್ಚಿ, ಎದುರು ಬದಿಯ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿರಿ. ಅನುಮಾನವಿದ್ದರೆ ಒಂದು ಊದಿನಕಡ್ಡಿ ಹಚ್ಚಿ ಒಲೆಯ ಹತ್ತಿರ ಹಿಡಿಯಿರಿ, ಹೊಗೆಯ ಎಳೆ ಯಾವ ಕಡೆ ವಾಲುತ್ತದೆಂದು ಕಣ್ಣಿಗೇ ಕಾಣುತ್ತದೆ.

ಸೊಳ್ಳೆ ಕಾಯಿಲ್ ಬೇಡವೇ ಬೇಡ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಕಾಯಿಲ್ ಬಿಟ್ಟ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮವಿದ್ದವು. ಅದನ್ನು ಮಂಚದ ಕೆಳಗಿಟ್ಟು, ಕಿಟಕಿ ಮುಚ್ಚಿ, ರಾತ್ರಿಯಿಡೀ ಮಲಗುತ್ತೇವಲ್ಲ! ಪರದೆ ಕಟ್ಟಿ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ.

ಎಲ್ಲಕ್ಕಿಂತ ಭಯವಿರುವುದು ಬಾಣಂತಿ ಕೋಣೆಯದು. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ, ಒಳಗೆ ಕೆಂಡವಿಟ್ಟು ಸಾಂಬ್ರಾಣಿ ಹಾಕುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ, ಮಂಪರು ಬಂದರೆ ಬಾಣಂತನದ ಸುಸ್ತೆಂದು ಬಿಡಬೇಡಿ. ತಕ್ಷಣ ತಾಯಿ ಮಗು ಇಬ್ಬರನ್ನೂ ಬಯಲಿಗೆ ತಂದು ಆಸ್ಪತ್ರೆಗೆ ಹೊರಡಿ. ಮಗುವಿನ ತಲೆಯನ್ನು ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ ಟೋಪಿ ಹಾಕಿದರೆ ಸಾಕು, ಕೆಂಡ ಅಂಗಳದಲ್ಲೇ ಇರಲಿ.