ಆಸ್ಪಿರಿನ್‌ನ ಬೆನ್ನು ಹತ್ತಿ: ಫಾರ್ಮಸಿಯ ಮೊದಲ ವರ್ಷಗಳನ್ನು ನಾನು ಓದಿದ ಬಗೆ

ಫಾರ್ಮಸಿ ಪದವಿಗೆ ಸೇರುವವರೆಲ್ಲ ಔಷಧಗಳ ವಿಷಯ ಕಲಿಯುವ ಆಸೆಯಿಂದ ಬರುತ್ತಾರೆ. ಮೊದಲ ವರ್ಷ ಅವರ ಮುಂದೆ ಬಂದು ನಿಲ್ಲುವುದು ಆಮ್ಲ, ಪ್ರತ್ಯಾಮ್ಲ, ಕಾರ್ಬನ್ನಿನ ಉಂಗುರಗಳು, ಎಲುಬು ನರಗಳ ಹೆಸರುಗಳು, ಲಾಗರಿದಮ್. ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳುವ ಫಾರ್ಮಕಾಲಜಿ ವಿಸ್ತಾರವಾಗಿ ಸಿಗುವುದು ಅದಾದ ಮೇಲೆ. ನಡುವಿನ ಕಾಲದಲ್ಲಿ ಎಷ್ಟೋ ಜನ ಬೇಸತ್ತು, ಪರೀಕ್ಷೆಗೆ ಬೇಕಾದಷ್ಟನ್ನು ಉರುಹೊಡೆದು ಮುಂದೆ ಸಾಗುತ್ತಾರೆ. ನಾನೀಗ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ತರಬೇತಿಗೆಂದು ಬರುವ ವಿದ್ಯಾರ್ಥಿಗಳಿಗೆ ಒಂದೊಂದು ಪಾಠವೂ ಚೆನ್ನಾಗಿಯೇ ಬರುತ್ತದೆ. ಒಂದು ಪಾಠಕ್ಕೂ ಇನ್ನೊಂದಕ್ಕೂ ಇರುವ ನಂಟು ಮಾತ್ರ ಕಂಡಿರುವುದಿಲ್ಲ. ಆ ನಂಟನ್ನು ನಾನು ಕಂಡುಕೊಂಡ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಒಂದು ಔಷಧವನ್ನು ಆರಿಸಿಕೊಂಡು, ಎಲ್ಲ ವಿಷಯಗಳಲ್ಲೂ ಅದರ ಬೆನ್ನು ಹತ್ತಿದೆ. ಅದು ಆಸ್ಪಿರಿನ್. ನೋಟ್‌ಪುಸ್ತಕದ ಎಡಪುಟದಲ್ಲಿ ತರಗತಿಯ ಪಾಠ ಬರೆದುಕೊಳ್ಳುತ್ತಿದ್ದೆ. ಬಲಪುಟವನ್ನು ಖಾಲಿ ಬಿಟ್ಟು, ಸಂಜೆ ಕುಳಿತು, ಈ ಪಾಠ ಆಸ್ಪಿರಿನ್ ಬಗ್ಗೆ ಏನು ಹೇಳುತ್ತದೆ ಎಂದು ನನ್ನನ್ನೇ ಕೇಳಿಕೊಂಡು ಉತ್ತರ ಬರೆಯುತ್ತಿದ್ದೆ. ಕೆಲವು ಬಲಪುಟಗಳು ಕೊನೆಯವರೆಗೂ ಖಾಲಿಯಾಗಿಯೇ ಉಳಿದವು. ಕೆಲವಕ್ಕೆ ಹೆಚ್ಚುವರಿ ಹಾಳೆ ಅಂಟಿಸಬೇಕಾಯಿತು.

ಸಸ್ಯಮೂಲದ ಔಷಧಗಳನ್ನು ಕಲಿಸುವ ಫಾರ್ಮಕಾಗ್ನಸಿಯಲ್ಲಿ ಕೆಲಸ ಸುಲಭವಾಗಿತ್ತು. ವಿಲೋ ಮರದ ತೊಗಟೆ ಜ್ವರಕ್ಕೆ ಗುಣ ಕೊಡುತ್ತದೆ ಎಂದು ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದರು. ಆ ತೊಗಟೆಯಲ್ಲಿರುವುದು ಸ್ಯಾಲಿಸಿನ್ ಎಂಬ ಗ್ಲೈಕೊಸೈಡ್, ಅಂದರೆ ಸಕ್ಕರೆ ಜೋಡಿಕೊಂಡ ಸಂಯುಕ್ತ. ಅದರ ವಂಶದ ಸ್ಯಾಲಿಸಿಲಿಕ್ ಆಮ್ಲ ನೋವು ಕಳೆಯುತ್ತಿತ್ತು, ಆದರೆ ಹೊಟ್ಟೆಯನ್ನು ಕೆಡಿಸುತ್ತಿತ್ತು. 1897ರಲ್ಲಿ ಬಾಯರ್ ಕಂಪನಿಯ ಪ್ರಯೋಗಾಲಯದಲ್ಲಿ ಫೆಲಿಕ್ಸ್ ಹಾಫ್‌ಮನ್ ಅದಕ್ಕೊಂದು ಅಸಿಟೈಲ್ ಗುಂಪನ್ನು ಜೋಡಿಸಿ ಶುದ್ಧ ಆಸ್ಪಿರಿನ್ ತಯಾರಿಸಿದರು. ಆರ್ಗ್ಯಾನಿಕ್ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಾವು ಮಾಡುವುದೂ ಅದನ್ನೇ. ಸ್ಯಾಲಿಸಿಲಿಕ್ ಆಮ್ಲ, ಅಸಿಟಿಕ್ ಅನ್‌ಹೈಡ್ರೈಡ್, ಕೆಲವು ಹನಿ ಸಲ್ಫ್ಯೂರಿಕ್ ಆಮ್ಲ. ಬಿಸಿ ಮಾಡಿ, ತಣ್ಣೀರಿಗೆ ಸುರಿದರೆ ಬಿಳಿಯ ಹರಳುಗಳು ಇಳಿಯುತ್ತವೆ. ಆಮ್ಲವೊಂದು ಹೈಡ್ರಾಕ್ಸಿಲ್ ಗುಂಪಿಗೆ ಜೋಡಿಕೊಂಡು ಆಗುವ ಎಸ್ಟರ್ ಎಂದರೇನೆಂದು ನನಗೆ ಕಲಿಸಿದ್ದು ಆ ಹರಳುಗಳು.

ನಿಜವಾದ ಕಲಿಕೆ ತೆರೆದುಕೊಂಡದ್ದು ಎಲ್ಲರೂ ಹೆದರುವ ಭೌತಿಕ ಫಾರ್ಮಸ್ಯೂಟಿಕ್ಸ್‌ನಲ್ಲಿ. ಒಂದು ಆಮ್ಲದ ಎಷ್ಟು ಪಾಲು ಅಯಾನಾಗಿರುತ್ತದೆ ಎಂದು ಹೇಳುವ ಹೆಂಡರ್ಸನ್-ಹ್ಯಾಸಲ್‌ಬಾಕ್ ಸಮೀಕರಣವನ್ನು ಎಡಪುಟದಲ್ಲಿ ಬರೆದುಕೊಂಡ ದಿನ ಬಲಪುಟದಲ್ಲಿ ಲೆಕ್ಕಕ್ಕೆ ಕುಳಿತೆ. ಆಸ್ಪಿರಿನ್‌ನ ಪಿಕೆಎ, ಅಂದರೆ ಅದರ ಅರ್ಧದಷ್ಟು ಅಣುಗಳು ಅಯಾನಾಗಿರುವ ಪಿಎಚ್, 3.5. ಜಠರದ ಪಿಎಚ್ 1.5 ಎಂದಿಟ್ಟುಕೊಂಡರೆ ವ್ಯತ್ಯಾಸ 2. ಲಾಗರಿದಮ್‌ನಲ್ಲಿ 2 ಎಂದರೆ ನೂರು ಪಟ್ಟು, ಅಂದರೆ ಪ್ರತಿ ಒಂದು ಅಯಾನಿಗೆ ಅಯಾನೀಕರಣವಾಗದ ನೂರು ಅಣುಗಳು. ಅಯಾನೀಕರಣವಾಗದ ಅಣು ಕೊಬ್ಬಿನಿಂದಾದ ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟುತ್ತದೆ. ಸಣ್ಣಕರುಳಿನ ಪಿಎಚ್ 6.5 ಎಂದು ತೆಗೆದುಕೊಂಡರೆ ಲೆಕ್ಕ ತಿರುಗಿಬೀಳುತ್ತದೆ: ಒಂದು ಅಣುವಿಗೆ ಸಾವಿರ ಅಯಾನುಗಳು. ಹಾಗಾದರೆ ಆಸ್ಪಿರಿನ್ ಹೆಚ್ಚಾಗಿ ಹೀರಲ್ಪಡುವುದು ಜಠರದಲ್ಲಿ ಎನ್ನಬೇಕಲ್ಲವೇ? ಅಲ್ಲ. ಹೆಚ್ಚಿನ ಪಾಲು ಹೀರಲ್ಪಡುವುದು ಸಣ್ಣಕರುಳಿನಲ್ಲೇ, ಏಕೆಂದರೆ ಅಲ್ಲಿನ ಮಡಿಕೆಗಳು ಮತ್ತು ಬೆರಳಿನಂತೆ ಚಾಚಿಕೊಂಡ ವಿಲ್ಲೈಗಳು ಒದಗಿಸುವ ಮೇಲ್ಮೈ ವಿಸ್ತಾರದ ಮುಂದೆ ಜಠರದ್ದು ಏನೂ ಅಲ್ಲ. ಸಮೀಕರಣ ಸುಳ್ಳಾಗಲಿಲ್ಲ, ದೇಹದಲ್ಲಿ ಅದೊಂದೇ ತೀರ್ಪು ಕೊಡುವುದಿಲ್ಲ, ಅಷ್ಟೇ. ವಿಲ್ಲೈಗಳ ಚಿತ್ರವನ್ನು ಅಂಗರಚನಾಶಾಸ್ತ್ರದ ತರಗತಿಯಲ್ಲಿ ಎಂದೋ ಬಿಡಿಸಿದ್ದೆ. ಅದು ಏಕೆ ಬೇಕಿತ್ತು ಎಂಬುದು ಆ ಸಂಜೆ ಅರ್ಥವಾಯಿತು.

ಇದೇ ಸಮೀಕರಣ ನನಗೆ ಮತ್ತೆ ಎದುರಾದದ್ದು ಕೆಲಸಕ್ಕೆ ಸೇರಿದ ಮೇಲೆ, ತುರ್ತು ಚಿಕಿತ್ಸಾ ವಿಭಾಗದಲ್ಲಿ. ಆಸ್ಪಿರಿನ್ ವಿಷವೇರಿದವರಿಗೆ ಸೋಡಿಯಂ ಬೈಕಾರ್ಬನೇಟನ್ನು ರಕ್ತನಾಳಕ್ಕೆ ಕೊಡುವುದುಂಟು. ಮೂತ್ರದ ಪಿಎಚ್ 7.5ಕ್ಕಿಂತ ಮೇಲೇರಿದರೆ ಆಸ್ಪಿರಿನ್ ದೇಹದಲ್ಲಿ ಒಡೆದು ಆಗುವ ಸ್ಯಾಲಿಸಿಲೇಟ್ ಅಯಾನಾಗಿಯೇ ಉಳಿಯುತ್ತದೆ, ಮೂತ್ರಪಿಂಡದ ನಾಳಿಕೆಗಳಿಂದ ರಕ್ತಕ್ಕೆ ಹಿಂತಿರುಗಲಾರದೆ ಹೊರಗೆ ಹೋಗುತ್ತದೆ. ಮೊದಲ ವರ್ಷದ ಲಾಗರಿದಮ್ಮನ್ನು ಯಾರಾದರೂ ನಿರುಪಯೋಗಿ ಎಂದರೆ ನಾನು ಮೊದಲು ಹೇಳುವುದು ಇದನ್ನೇ.

ಫಾರ್ಮಸಿ ಓದುವವರಿಗೆ ಮಾತ್ರ ದಕ್ಕುವ ನೋಟ ಎಂದು ನಾನು ಹೆಮ್ಮೆಪಡುವುದು ಔಷಧ ವಿಶ್ಲೇಷಣೆಯಲ್ಲಿ. ಮಾತ್ರೆಯೊಳಗೆ ಹೇಳಿದಷ್ಟು ಔಷಧ ಇದೆಯೇ ಎಂದು ನಾವು ನಂಬಿ ಕೂರುವುದಿಲ್ಲ, ಅಳೆದು ನೋಡುತ್ತೇವೆ. ಆಸ್ಪಿರಿನ್ ಪುಡಿಯನ್ನು ತೂಗಿ, ಗೊತ್ತಾದ ಪ್ರಮಾಣದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹೆಚ್ಚಾಗಿಯೇ ಹಾಕಿ ಹತ್ತು ನಿಮಿಷ ಕುದಿಸುತ್ತೇವೆ. ಉಳಿದ ಹೈಡ್ರಾಕ್ಸೈಡನ್ನು ಹೈಡ್ರೊಕ್ಲೋರಿಕ್ ಆಮ್ಲದಿಂದ ಟೈಟ್ರೇಟ್ ಮಾಡುತ್ತೇವೆ, ಅಂದರೆ ಆಮ್ಲವನ್ನು ಹನಿಹನಿಯಾಗಿ ಸೇರಿಸಿ ಅಳೆಯುತ್ತೇವೆ. ಫೀನಾಲ್ ರೆಡ್ ಸೂಚಕದ ಕೆಂಪು ಹಳದಿಗೆ ತಿರುಗುವ ಹೊತ್ತಿಗೆ ಬ್ಯೂರೆಟ್ಟಿನ ಕೀಲಿಯ ಮೇಲೆ ಬೆರಳು ಹಗುರವಾಗಿರಬೇಕು. ಕೊನೆಯ ಅರ್ಧ ಹನಿಯನ್ನು ತುದಿಯಿಂದ ಫ್ಲಾಸ್ಕಿನ ಗೋಡೆಗೆ ಮುಟ್ಟಿಸಿ, ನೀರಿನಿಂದ ತೊಳೆದು ಇಳಿಸಬೇಕು. 0.5 ಮೋಲಾರ್ ಹೈಡ್ರಾಕ್ಸೈಡಿನ ಒಂದು ಮಿಲಿಲೀಟರಿಗೆ 45.04 ಮಿಲಿಗ್ರಾಂ ಆಸ್ಪಿರಿನ್ ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಈ ಸಂಖ್ಯೆಯನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಆಸ್ಪಿರಿನ್‌ನ ಅಣುತೂಕ 180.16. ಒಂದು ಅಣು ಎರಡು ಹೈಡ್ರಾಕ್ಸೈಡುಗಳನ್ನು ತಿನ್ನುತ್ತದೆ: ಒಂದು ಆಮ್ಲದ ಗುಂಪಿಗೆ, ಇನ್ನೊಂದು ಎಸ್ಟರನ್ನು ಒಡೆಯಲು. ಅದಕ್ಕೆ ಅರ್ಧ, ದ್ರಾವಣ 0.5 ಮೋಲಾರ್ ಆದ್ದರಿಂದ ಮತ್ತೆ ಅರ್ಧ: 180.16ನ್ನು ನಾಲ್ಕರಿಂದ ಭಾಗಿಸಿದರೆ 45.04 ತಾನಾಗಿ ಬರುತ್ತದೆ.

ಈ ಲೆಕ್ಕವನ್ನು ಬಿಡಿಸಿದ ಮೇಲೆ ಬಲಪುಟದಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಮಾತ್ರೆ ಈಗಾಗಲೇ ಕೆಟ್ಟು, ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗಿದ್ದರೆ? ಅಸಿಟಿಕ್ ಆಮ್ಲ ಆವಿಯಾಗಿ ಹೋಗದಿದ್ದರೆ, ಆ ಎರಡೂ ಆಮ್ಲಗಳು ಸೇರಿ ಅಷ್ಟೇ ಹೈಡ್ರಾಕ್ಸೈಡನ್ನು ತಿನ್ನುತ್ತವೆ! ಟೈಟ್ರೇಶನ್ ಒಂದನ್ನೇ ನಂಬಿದರೆ ಕೆಟ್ಟ ಮಾತ್ರೆಯೂ ಒಳ್ಳೆಯ ಮಾತ್ರೆಯಂತೆ ಕಂಡೀತು. ಅದಕ್ಕಾಗಿಯೇ ಔಷಧಗಳ ಗುಣಮಟ್ಟವನ್ನು ನಿಗದಿಮಾಡುವ ಅಧಿಕೃತ ಗ್ರಂಥವಾದ ಫಾರ್ಮಕೊಪಿಯಾ ಬಿಡಿ ಸ್ಯಾಲಿಸಿಲಿಕ್ ಆಮ್ಲದ ಮಿತಿಯನ್ನು ಬೇರೆಯಾಗಿಯೇ ಪರೀಕ್ಷಿಸಲು ಹೇಳುತ್ತದೆ. ಫೆರಿಕ್ ಲವಣದ ದ್ರಾವಣಕ್ಕೆ ಸ್ಯಾಲಿಸಿಲಿಕ್ ಆಮ್ಲ ಸೇರಿದರೆ ನೇರಳೆ ಬಣ್ಣ ಏಳುತ್ತದೆ, ಏಕೆಂದರೆ ಅದರಲ್ಲಿ ಬಿಡಿಯಾದ ಫೀನಾಲ್ ಗುಂಪಿದೆ. ಶುದ್ಧ ಆಸ್ಪಿರಿನ್‌ನಲ್ಲಿ ಆ ಗುಂಪು ಮುಚ್ಚಿಹೋಗಿರುತ್ತದೆ. ಫಾರ್ಮಕೊಪಿಯಾದ ಒಂದೊಂದು ಪರೀಕ್ಷೆಯ ಹಿಂದೆಯೂ ಇಂಥ ಒಂದು ಅನುಮಾನ ಇದೆ ಎಂದು ತಿಳಿದ ಮೇಲೆ ಆ ದಪ್ಪ ಗ್ರಂಥವನ್ನು ನಾನು ಓದುವ ರೀತಿಯೇ ಬದಲಾಯಿತು.

ಮಾತ್ರೆ ಕೆಡುವುದು ನೀರಿನಿಂದ. ಹಳೆಯ ಆಸ್ಪಿರಿನ್ ಶೀಶೆಯ ಮುಚ್ಚಳ ತೆರೆದರೆ ಮೂಗಿಗೆ ಬರುವ ವಿನಿಗರ್ ವಾಸನೆ ಆ ಅಸಿಟಿಕ್ ಆಮ್ಲದ್ದೇ. ಮಾತ್ರೆ ಅಚ್ಚುಹಾಕುವಾಗ ಪುಡಿ ಅಂಟದಿರಲೆಂದು ಬಳಸುವ ಮೆಗ್ನೀಸಿಯಂ ಸ್ಟಿಯರೇಟ್ ಕೂಡ ಆಸ್ಪಿರಿನ್ ಒಡೆಯುವುದನ್ನು ಚುರುಕುಗೊಳಿಸುತ್ತದೆ. ಔಷಧವಲ್ಲದ ಘಟಕವೆಂದು ನಾವು ಕಡೆಗಣಿಸುವುದು ಹೀಗೆ ಔಷಧದ ಆಯಸ್ಸನ್ನೇ ನಿರ್ಧರಿಸಬಹುದು. ಇನ್ನೂ ಘೋರವಾದ ಉದಾಹರಣೆ 1937ರಲ್ಲಿ ಅಮೆರಿಕದಲ್ಲಿ ನಡೆದದ್ದು. ಸೋಂಕಿಗೆ ಕೊಡುವ ಸಲ್ಫಾನಿಲಮೈಡನ್ನು ದ್ರವರೂಪಕ್ಕೆ ತರಲು ಡೈಎಥಿಲೀನ್ ಗ್ಲೈಕಾಲ್ ಬಳಸಿದರು. ನೂರಕ್ಕೂ ಹೆಚ್ಚು ಜನ, ಅವರಲ್ಲಿ ಹಲವು ಮಕ್ಕಳು, ಸತ್ತರು. ಕೊಂದದ್ದು ಔಷಧವಲ್ಲ, ಅದನ್ನು ಕರಗಿಸಿದ ದ್ರಾವಕ. ಮಾರುವ ಮುನ್ನ ಔಷಧದ ಸುರಕ್ಷತೆಯನ್ನು ತೋರಿಸಲೇಬೇಕು ಎನ್ನುವ ಅಲ್ಲಿನ 1938ರ ಕಾಯಿದೆ ಬಂದದ್ದು ಇದಾದ ಮೇಲೆ.

ಶರೀರಕ್ರಿಯೆ ಮತ್ತು ಜೀವರಸಾಯನ ಎರಡನ್ನೂ ಬಲಪುಟದಲ್ಲಿ ಒಟ್ಟಿಗೆ ಬರೆಯುತ್ತಿದ್ದೆ, ಏಕೆಂದರೆ ಆಸ್ಪಿರಿನ್ ಅವನ್ನು ಬೇರೆ ಮಾಡಲು ಬಿಡುವುದಿಲ್ಲ. ನೋವು, ಉರಿಯೂತ ಎಬ್ಬಿಸುವ ಪ್ರೊಸ್ಟಗ್ಲಾಂಡಿನ್‌ಗಳ ತಯಾರಿಕೆಗೆ ಬೇಕಾದ ಸೈಕ್ಲೊಆಕ್ಸಿಜನೇಸ್ ಎಂಬ ಕಿಣ್ವದಲ್ಲಿರುವ ಸೆರಿನ್ ಎಂಬ ಒಂದು ಅಮೈನೊ ಆಮ್ಲಕ್ಕೆ ಅದು ತನ್ನ ಅಸಿಟೈಲ್ ಗುಂಪನ್ನು ಅಂಟಿಸಿಬಿಡುತ್ತದೆ. ಆ ಕಿಣ್ವ ಮತ್ತೆ ಎಚ್ಚರಗೊಳ್ಳುವುದಿಲ್ಲ. ಬೇರೆ ಜೀವಕೋಶಗಳು ಹೊಸ ಕಿಣ್ವ ತಯಾರಿಸಿಕೊಳ್ಳುತ್ತವೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ. ಅದು ಬದುಕಿರುವ ಏಳರಿಂದ ಹತ್ತು ದಿನವೂ ಹಾಗೆಯೇ ಕಳೆಯಬೇಕು. ಕೆಲವೇ ನಿಮಿಷಗಳ ಅರ್ಧಾಯುಷ್ಯವಿರುವ ಔಷಧವನ್ನು ದಿನಕ್ಕೊಮ್ಮೆ ಕೊಟ್ಟರೂ ಏಕೆ ಸಾಕು, ಹೃದ್ರೋಗಿಗಳಿಗೆ 75ರಿಂದ 100 ಮಿಲಿಗ್ರಾಮೇ ಏಕೆ ಸಾಕು ಎಂಬ ಪ್ರಶ್ನೆಗಳಿಗೆ ಉತ್ತರ ಕೋಶಕೇಂದ್ರವಿಲ್ಲದ ಆ ಒಂದು ಸಂಗತಿಯಲ್ಲಿದೆ. ಕರುಳಿನಿಂದ ಯಕೃತ್ತಿಗೆ ಹೋಗುವ ಪೋರ್ಟಲ್ ರಕ್ತನಾಳದಲ್ಲೇ ಆಸ್ಪಿರಿನ್ ಪ್ಲೇಟ್‌ಲೆಟ್‌ಗಳನ್ನು ಹಿಡಿಯುತ್ತದೆ. ಉಳಿದ ದೇಹ ತಲುಪುವಷ್ಟರಲ್ಲಿ ಯಕೃತ್ತು ಅದರಲ್ಲಿ ಬಹಳಷ್ಟನ್ನು ಒಡೆದಿರುತ್ತದೆ. ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ ಎಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಅಂದರೆ ಮುಕ್ಕಾಲು ಶತಮಾನದ ಕಾಲ ಜಗತ್ತು ಈ ಮಾತ್ರೆಯನ್ನು ಅದರ ಕೆಲಸದ ಬಗೆ ತಿಳಿಯದೆಯೇ ನುಂಗುತ್ತಿತ್ತು. ಅದೇ ಪ್ರೊಸ್ಟಗ್ಲಾಂಡಿನ್ ಜಠರದ ಒಳಪದರವನ್ನೂ ಕಾಯುತ್ತದೆ. ಹಾಗಾಗಿ ಹುಣ್ಣಾಗುವ ಅಪಾಯವೂ ಔಷಧದ ಗುಣ ಎಲ್ಲಿದೆಯೋ ಅಲ್ಲಿಂದಲೇ ಬರುತ್ತದೆ.

ಒಂದೇ ಔಷಧದ ಜಾಡು ಎಲ್ಲ ಕಡೆ ಸಾಗುವುದಿಲ್ಲ ಎಂಬುದನ್ನೂ ಹೇಳಬೇಕು. ನೀರಿನಲ್ಲಿ ಒಡೆಯುವ ಆಸ್ಪಿರಿನ್ ದ್ರವ ಔಷಧಗಳ ಪಾಠಕ್ಕೆ ಒದಗಲಿಲ್ಲ. ಅಲ್ಲಿ ಕೈಯೇ ಗುರು. ಒಣ ಗೋಂದಿನ ವಿಧಾನದಲ್ಲಿ ಎಮಲ್ಷನ್, ಅಂದರೆ ಎಣ್ಣೆ ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿದ ಮಿಶ್ರಣ, ಮಾಡುವಾಗ ಎಣ್ಣೆ ನಾಲ್ಕು ಪಾಲು, ನೀರು ಎರಡು, ಗೋಂದು ಒಂದು. ಪಿಂಗಾಣಿ ಕಲ್ಬತ್ತು ಪೂರ್ತಿ ಒಣಗಿರಬೇಕು. ಎಣ್ಣೆ ಮತ್ತು ಗೋಂದನ್ನು ಕಲಸಿ, ನೀರನ್ನು ಒಮ್ಮೆಗೇ ಸುರಿದು, ಕೈ ನಿಲ್ಲಿಸದೆ ಒಂದೇ ದಿಕ್ಕಿಗೆ ರಭಸವಾಗಿ ಅರೆಯಬೇಕು. ಸ್ವಲ್ಪ ಹೊತ್ತಿಗೆ ಹಳದಿ ಬಣ್ಣ ಬೆಳ್ಳಗಾಗಿ, ಕುಟ್ಟಾಣಿಯಡಿ ಚಟಚಟ ಎಂಬ ಸದ್ದು ಕೇಳಿಸುತ್ತದೆ. ಆ ಸದ್ದು ಬಂದರೆ ಎಮಲ್ಷನ್ ಕೂಡಿತು ಎಂದರ್ಥ. ಬಾರದಿದ್ದರೆ ಇನ್ನಷ್ಟು ನೀರು ಹಾಕಿ ಸರಿಪಡಿಸಲಾಗದು, ಮೊದಲಿನಿಂದ ಆರಂಭಿಸಬೇಕು.

ಸೂಕ್ಷ್ಮಜೀವಿಶಾಸ್ತ್ರಕ್ಕೆ ಚುಚ್ಚುಮದ್ದನ್ನು ಹಿಡಿದುಕೊಂಡೆ. 121 ಡಿಗ್ರಿ ಸೆಲ್ಸಿಯಸ್‌ನ ಹಬೆಯಲ್ಲಿ 15 ನಿಮಿಷ ಇಟ್ಟರೆ ಬ್ಯಾಕ್ಟೀರಿಯ ಸಾಯುತ್ತದೆ, ಆದರೆ ಅದರ ಪೊರೆಯ ಎಂಡೊಟಾಕ್ಸಿನ್ ಎಂಬ ವಿಷ ಉಳಿದು ರೋಗಿಗೆ ಜ್ವರ ತರಿಸಬಲ್ಲದು. ಗಾಜಿನ ಶೀಶೆಗಳನ್ನು 250 ಡಿಗ್ರಿಯ ಒಣ ಶಾಖದಲ್ಲಿಡುವುದು ಅದಕ್ಕಾಗಿ.

ಲೆಕ್ಕಗಳ ಪಾಠಕ್ಕೆ ಬಲಪುಟ ಸಾಲದು. ಅದನ್ನು ದಿನವೂ ಮಾಡಬೇಕು, ನಾನು ಮಾಡಿದೆ. 12 ಕೆ.ಜಿ. ತೂಗುವ ಮಗುವಿಗೆ ಕೆ.ಜಿ.ಗೆ 15 ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ ಎಂದರೆ 180 ಮಿಲಿಗ್ರಾಂ. 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ಪಾದರೆ 7.5 ಮಿಲಿಲೀಟರ್. 250 ಮಿಲಿಗ್ರಾಂ ಇರುವುದಾದರೆ 3.6. ಶೀಶೆ ಬದಲಾಗಿ ಅಳತೆ ಮಾತ್ರ ಹಾಗೆಯೇ ಉಳಿದರೆ ಮಗುವಿಗೆ ಹೋಗುವುದು 375 ಮಿಲಿಗ್ರಾಂ, ಎರಡು ಪಟ್ಟಿಗಿಂತ ಹೆಚ್ಚು. ಆದ್ದರಿಂದ ನನ್ನ ಬಳಿ ತರಬೇತಿಗೆ ಬರುವವರಿಗೆ ಉತ್ತರವನ್ನು ಮಿಲಿಲೀಟರಿನಲ್ಲಿ ಹೇಳುವ ಮೊದಲು ಮಿಲಿಗ್ರಾಂನಲ್ಲಿ ಹೇಳಬೇಕೆಂದು ಪಟ್ಟುಹಿಡಿದು ಒತ್ತಾಯಿಸುತ್ತೇನೆ. ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಉತ್ತರ ಸುಮಾರು ಎಷ್ಟಿರಬೇಕೆಂದು ಅಂದಾಜು ಹೇಳಿಸುತ್ತೇನೆ. ದಶಮಾಂಶದ ಚುಕ್ಕಿ ಜಾರಿದರೆ ಹಿಡಿಯುವುದು ಆ ಅಂದಾಜೇ.

ಈ ರೀತಿ ಓದಬೇಕೆಂದುಕೊಂಡವರು ಆಸ್ಪಿರಿನ್ನನ್ನೇ ಹಿಡಿಯಬೇಕೆಂದಿಲ್ಲ. ಯಕೃತ್ತಿನ ಕೆಲಸದಲ್ಲಿ ಆಸಕ್ತಿ ಇದ್ದವರಿಗೆ ಪ್ಯಾರಾಸಿಟಮಾಲ್ ಒಳ್ಳೆಯ ಜೊತೆ: ಪ್ರಮಾಣ ಮೀರಿದಾಗ ಯಕೃತ್ತನ್ನು ಕಾಯುವ ಗ್ಲುಟಾಥಯೋನ್ ಬರಿದಾಗುವುದು, ಅಸಿಟೈಲ್‌ಸಿಸ್ಟೀನ್ ಅದನ್ನು ತುಂಬಿಕೊಡುವುದು, ಎಲ್ಲವೂ ಅದರಲ್ಲಿದೆ. ಸಸ್ಯಗಳು ಇಷ್ಟವಾದರೆ ಡಿಜಿಟಾಲಿಸ್ ಗಿಡದಿಂದ ಬರುವ, ಹೃದಯಕ್ಕೆ ಕೊಡುವ ಡಿಗಾಕ್ಸಿನ್. ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಎಷ್ಟು ಕಿರಿದಾಗಿರಬಹುದು ಎಂದು ಅದರಷ್ಟು ಚೆನ್ನಾಗಿ ಹೇಳುವ ಔಷಧ ಕಡಿಮೆ. ಪ್ರೊಟೀನುಗಳತ್ತ ಒಲವಿದ್ದರೆ ಇನ್ಸುಲಿನ್. ಆರಿಸುವಾಗ ಎರಡು ಸಂಗತಿ ನೋಡಿಕೊಳ್ಳಿ: ಆ ಔಷಧದ ಪೂರ್ಣ ವಿವರ ಫಾರ್ಮಕೊಪಿಯಾದಲ್ಲಿರಲಿ, ಮತ್ತು ಅದು ಹಳೆಯದಾಗಿರಲಿ. ತೀರ ಹೊಸ ಔಷಧವಾದರೆ ಮೊದಲ ವರ್ಷದ ಪಠ್ಯಪುಸ್ತಕಗಳಲ್ಲಿ ಅದರ ಸುಳಿವೇ ಸಿಗುವುದಿಲ್ಲ, ಬಲಪುಟಗಳು ಬಹುಪಾಲು ಖಾಲಿ ಉಳಿದುಬಿಡುತ್ತವೆ.