ಬ್ಯಾಕ್ಟೀರಿಯಾದಿಂದ ಮರಳು ಗಟ್ಟಿಯಾಗುವುದನ್ನು ಲೆಕ್ಕ ಹಾಕುವುದು ಹೇಗೆ?

ಸಡಿಲ ಮರಳಿನೊಳಗೆ ಸ್ಪೊರೊಸಾರ್ಸಿನಾ ಪಾಶ್ಚುರಿ ಎಂಬ ಬ್ಯಾಕ್ಟೀರಿಯಾವನ್ನು ಬಿಟ್ಟು, ಬಳಿಕ ಯೂರಿಯಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಹರಿಸಿದರೆ, ಅದರ ಯೂರಿಯೇಸ್ ಕಿಣ್ವವು ಯೂರಿಯಾವನ್ನು ಒಡೆಯುತ್ತದೆ. ಹುಟ್ಟಿದ ಕಾರ್ಬೊನೇಟ್ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸೈಟ್ ಹರಳಾಗಿ ಕಣಗಳನ್ನು ಬೆಸೆಯುತ್ತದೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ 100 ಘನ ಮೀಟರ್ ಮರಳಿನ ಮೇಲೆ ನಡೆದ ಪ್ರಯೋಗದಲ್ಲಿ ಗಟ್ಟಿತನ ಎಲ್ಲ ಕಡೆ ಒಂದೇ ಸಮನಾಗಿರಲಿಲ್ಲ. ಆದ್ದರಿಂದ ಹರಳು ಎಷ್ಟು ಎಂಬುದಕ್ಕಿಂತ ಎಲ್ಲಿ ಕೂರುತ್ತದೆ ಎಂಬುದೇ ಗಣಿತ ಮಾದರಿ ಉತ್ತರಿಸಬೇಕಾದ ಮುಖ್ಯ ಪ್ರಶ್ನೆ.

ಮೊದಲು ಪ್ರಮಾಣದ ಲೆಕ್ಕ. ಒಂದು ಘನ ಮೀಟರ್ ಮರಳಿನಲ್ಲಿ ಶೇ 40ರಷ್ಟು ರಂಧ್ರವಿದ್ದರೆ 400 ಲೀಟರ್ ದ್ರಾವಣ ಹಿಡಿಯುತ್ತದೆ. ಲೀಟರಿಗೆ ಯೂರಿಯಾ ಮತ್ತು ಕ್ಯಾಲ್ಸಿಯಂ ತಲಾ ಅರ್ಧ ಮೋಲ್ ಇದ್ದು, ಎಲ್ಲವೂ ಪ್ರತಿಕ್ರಿಯಿಸಿದರೆ 200 ಮೋಲ್, ಅಂದರೆ ಸುಮಾರು 20 ಕೆ.ಜಿ. ಕ್ಯಾಲ್ಸೈಟ್ ದೊರೆಯುತ್ತದೆ. ಅದು ತುಂಬುವುದು 7.4 ಲೀಟರ್ ಜಾಗವನ್ನು ಮಾತ್ರ. ಐದು ಸಲ ಹರಿಸಿದರೂ ರಂಧ್ರಾಂಶ ಶೇ 36ಕ್ಕೆ ಇಳಿಯುತ್ತದೆಯಷ್ಟೇ. ರಂಧ್ರಾಂಶದಿಂದ ನೀರಿನ ಹರಿವನ್ನು ಅಂದಾಜಿಸುವ ಕೋಜೆನಿ–ಕಾರ್ಮನ್ ಸೂತ್ರದ ಪ್ರಕಾರ ನೀರು ಹಾಯುವ ಸಾಮರ್ಥ್ಯ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಮರಳು ಗಟ್ಟಿಯಾದರೂ ನೀರು ಬಸಿಯುವುದು ನಿಲ್ಲುವುದಿಲ್ಲ ಎಂಬುದು ಈ ವಿಧಾನದ ದೊಡ್ಡ ಗುಣವೆಂದೇ ನನ್ನ ಎಣಿಕೆ.

ಎರಡನೆಯದಾಗಿ, ವೇಗಗಳನ್ನು ಹೋಲಿಸಬೇಕು. ಕಿಣ್ವದ ಚಟುವಟಿಕೆಯನ್ನು ಪ್ರಯೋಗಾಲಯದಲ್ಲಿ ಅಳೆಯದೆ ಈ ಹಂತಕ್ಕೆ ಬರಲೇಬಾರದು. ಗಂಟೆಗೆ ಲೀಟರಿಗೆ 0.05 ಮೋಲ್ ಯೂರಿಯಾ ಒಡೆಯುತ್ತದೆ ಎಂದಿಟ್ಟುಕೊಳ್ಳಿ; ಅರ್ಧ ಮೋಲ್ ಮುಗಿಯಲು 10 ಗಂಟೆ ಬೇಕು. ದ್ರಾವಣ ರಂಧ್ರಗಳಲ್ಲಿ ಗಂಟೆಗೆ 5 ಸೆಂ.ಮೀ. ಸಾಗಿದರೆ 50 ಸೆಂ.ಮೀ. ತಲುಪುವಷ್ಟರಲ್ಲಿ ಯೂರಿಯಾ ಖಾಲಿಯಾಗಿ, ಮುಂದಿನ ಮರಳು ಸಡಿಲವಾಗಿಯೇ ಉಳಿಯುತ್ತದೆ. ಗಂಟೆಗೆ ಒಂದು ಮೀಟರ್ ಸಾಗಿದರೆ ಒಂದು ಮೀಟರ್ ಉದ್ದದ ಮರಳಿನಲ್ಲಿ ಹರಳು ಸಮನಾಗಿ ಹರಡುತ್ತದೆ, ಆದರೆ ಹತ್ತರಲ್ಲಿ ಒಂಬತ್ತು ಪಾಲು ಯೂರಿಯಾ ಕೆಲಸ ಮಾಡದೆ ಹೊರಬೀಳುತ್ತದೆ. ಈ ಎರಡರ ನಡುವಿನ ವೇಗವನ್ನು ಆರಿಸಬೇಕು.

ನಿಜವಾದ ಮಾದರಿಯಲ್ಲಿ ಮರಳನ್ನು ಸಣ್ಣ ಖಾನೆಗಳಾಗಿ ಭಾಗಿಸಿ, ಪ್ರತಿಯೊಂದರಲ್ಲೂ ಒಳಬಂದದ್ದು, ಹೊರಹೋದದ್ದು, ಕರಗಿದ್ದು, ಹರಳಾದದ್ದರ ಲೆಕ್ಕವನ್ನು ಹಂತಹಂತವಾಗಿ ಇಡಲಾಗುತ್ತದೆ. ಯೂರಿಯಾ ಕಡಿಮೆಯಾದಂತೆ ಪ್ರತಿಕ್ರಿಯೆ ನಿಧಾನವಾಗುವುದನ್ನು ಮೈಕೇಲಿಸ್–ಮೆಂಟೆನ್ ಸಮೀಕರಣ ಹಿಡಿದಿಡುತ್ತದೆ. ಹರಳು ಕೂತಂತೆ ಕಿಣ್ವದ ಚಟುವಟಿಕೆಯೂ ತಗ್ಗುವುದರಿಂದ ಅದನ್ನು ಸ್ಥಿರವೆಂದು ಹಿಡಿಯಬಾರದು.

ಕೊನೆಯದು ಬಲ. ಕಣಗಳು ಪರಸ್ಪರ ತಾಗುವ ಕಡೆ ಕೂತ ಹರಳು ಮಾತ್ರ ಬೆಸೆಯುತ್ತದೆ. ರಂಧ್ರದ ಗೋಡೆಗೆ ಅಂಟಿದ್ದು ಅಷ್ಟಾಗಿ ನೆರವಾಗದು. ರಂಧ್ರಾಂಶದ ಲೆಕ್ಕಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಅದೇ ಮರಳಿನ ಮಾದರಿ ತುಂಡುಗಳನ್ನು ಒತ್ತಿ ನೋಡಿ, ಕ್ಯಾಲ್ಸೈಟ್ ಪ್ರಮಾಣಕ್ಕೂ ಬಲಕ್ಕೂ ಇರುವ ಸಂಬಂಧವನ್ನು ಪ್ರಯೋಗದಿಂದಲೇ ಪಡೆಯಬೇಕು. ಜೊತೆಗೆ, ಪ್ರತಿ ಮೋಲ್ ಯೂರಿಯಾಕ್ಕೆ ಎರಡು ಮೋಲ್ ಅಮೋನಿಯಂ ಹುಟ್ಟುತ್ತದೆ. ಮೇಲಿನ ಲೆಕ್ಕದಲ್ಲಿ ಒಂದು ಸಲಕ್ಕೆ 7.2 ಕೆ.ಜಿ. ಇದು ಅಂತರ್ಜಲಕ್ಕೆ ಇಳಿಯದಂತೆ ಹೊರತೆಗೆಯಲು ಎಷ್ಟು ನೀರು ಹರಿಸಬೇಕೆಂಬುದನ್ನೂ ಅದೇ ಮಾದರಿಯಲ್ಲಿ ಲೆಕ್ಕ ಹಾಕಿಯೇ ಕೆಲಸಕ್ಕೆ ಇಳಿಯಬೇಕು.