ಹಳೆಯ ಬಲೆನೊಗೆ ಗಟ್ಟಿ ಮೈ: ನನ್ನ ಅನುಭವ

ಈಗ ಎಲ್ಲೆಲ್ಲೂ ಕಾಣುವ ಹ್ಯಾಚ್‌ಬ್ಯಾಕ್ ಬಲೆನೊ ಅಲ್ಲ, 1999ರಲ್ಲಿ ಮಾರುತಿ ತಂದಿದ್ದ ಸೆಡಾನ್ ನನ್ನ ಹತ್ತಿರ ಇರುವುದು. 1.6 ಲೀಟರ್ ಇಂಜಿನ್, ಹಗುರವಾದ ಮೈ, ಹಿಂದೆ ಮುಂದೆ ಎರಡೂ ಕಡೆ ಸ್ಟ್ರಟ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಒಟ್ಟಿಗೆ ಇರುವ ಕಂಬ. ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸಲಿಕ್ಕೆಂದೇ ಇಟ್ಟುಕೊಂಡಿದ್ದೇನೆ. ರಸ್ತೆಗೆ ಇಳಿಸುವುದಿಲ್ಲ, ಟ್ರೈಲರ್ ಮೇಲೆ ಹೋಗಿ ಬರುತ್ತದೆ.

ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ಒಂದು ವಿಚಿತ್ರ ಕಂಡಿತು. ಹಿಂದಿನ ಸ್ಪ್ರಿಂಗ್ ಬದಲಿಸಿದರೂ, ಡ್ಯಾಂಪರ್ ಬಿಗಿ ಮಾಡಿದರೂ ತಿರುವಿನಲ್ಲಿ ಕಾರಿನ ನಡತೆ ಬದಲಾಗುತ್ತಲೇ ಇರಲಿಲ್ಲ. ಕಾರಣ ಸರಳ. ಬಾಡಿ ಶೆಲ್, ಅಂದರೆ ಕಾರಿನ ತಗಡಿನ ಮೈ, ತಾನೇ ಒಂದು ಸ್ಪ್ರಿಂಗ್ ಆಗಿಬಿಟ್ಟಿತ್ತು. ಮುಂದಿನ ಸಸ್ಪೆನ್ಷನ್‌ಗೂ ಹಿಂದಿನದಕ್ಕೂ ನಡುವೆ ಇರುವುದು ಶೆಲ್ ಅಲ್ವಾ? ಅದು ತಿರುಚಿಕೊಂಡರೆ ಹಿಂದೆ ಮಾಡಿದ ಬದಲಾವಣೆ ಮುಂದಕ್ಕೆ ಮುಟ್ಟುವುದೇ ಇಲ್ಲ.

ಎಷ್ಟು ತಿರುಚುತ್ತದೆ ಎಂದು ನೋಡಲು ದೊಡ್ಡ ಯಂತ್ರ ಬೇಕಿಲ್ಲ. ಸಮತಟ್ಟಾದ ನೆಲದಲ್ಲಿ ಮುಂದಿನ ಒಂದು ಜಾಕ್ ಪಾಯಿಂಟ್ ಎತ್ತುತ್ತಾ ಹೋಗಿ. ಅದೇ ಪಕ್ಕದ ಹಿಂದಿನ ಚಕ್ರ ಯಾವಾಗ ಮೇಲೇಳುತ್ತದೆ ನೋಡಿ. ಬಾಗಿಲು ತೆರೆದು ಮುಚ್ಚಿ ನೋಡಿ, ಬಾಗಿಲ ಸುತ್ತಲಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಿಡಿಯಿರಿ. ಜಾಕ್ ಮೇಲೆ ಇರುವಾಗ ನನ್ನ ಕಾರಿನ ಬಾಗಿಲು ಚಿಲಕಕ್ಕೆ ಸರಿಯಾಗಿ ಕೂರುತ್ತಲೇ ಇರಲಿಲ್ಲ.

ಮೈ ಗಟ್ಟಿ ಮಾಡುವ ಅಡ್ಡ ಬಾರ್ ಖರೀದಿಸುವ ಮೊದಲು ತುಕ್ಕು ಹುಡುಕಿ. ಸಿಲ್ (ಬಾಗಿಲ ಕೆಳಗಿನ ತೊಲೆ) ಒಳಗೆ, ಸ್ಟ್ರಟ್ ಟವರ್ (ಸ್ಟ್ರಟ್ಟಿನ ಮೇಲ್ತುದಿ ಕೂರುವ ಜಾಗ) ಬುಡದಲ್ಲಿ, ಹಿಂದಿನ ಚಕ್ರದ ಗೂಡಿನಲ್ಲಿ. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಗೆ ಹೋಗುವ ತಗಡಿಗೆ ಯಾವ ಬಾರ್ ಕಟ್ಟಿದರೂ ದಂಡ. ಸಬ್‌ಫ್ರೇಮ್ (ಸಸ್ಪೆನ್ಷನ್ ಹೊರುವ ಚೌಕಟ್ಟು) ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ ಬಿಗಿ ಮಾಡಿ, ಸವೆದ ರಬ್ಬರ್ ಬುಷ್ ಬದಲಿಸಿ. ಕಡಿಮೆ ಖರ್ಚಿನ ಕೆಲಸ, ಆದರೆ ಬೋರು. ಹಾಗಾಗಿ ಯಾರೂ ಮಾಡುವುದಿಲ್ಲ!

ನಿಜವಾದ ಲಾಭ ಸಿಕ್ಕಿದ್ದು ಸೀಮ್ ವೆಲ್ಡಿಂಗಿನಲ್ಲಿ. ಕಾರ್ಖಾನೆಯಲ್ಲಿ ತಗಡುಗಳನ್ನು ಅಲ್ಲಲ್ಲಿ ಸ್ಪಾಟ್ ವೆಲ್ಡ್ ಮಾಡಿ ಸೇರಿಸಿರುತ್ತಾರೆ. ಎರಡು ಚುಕ್ಕೆಗಳ ನಡುವಿನ ತಗಡು ಅಲುಗಾಡಲು ಸ್ವತಂತ್ರ. ಅಲ್ಲಿ ನಾವು ಚಿಕ್ಕ ಚಿಕ್ಕ ಗೆರೆ ಎಳೆಯಬೇಕು. ಪೀಣ್ಯದಲ್ಲಿ ನನಗೆ ಕೆಲಸ ಮಾಡಿಕೊಟ್ಟ ಮೇಸ್ತ್ರಿ, "ಸಾರ್, ಪೂರ್ತಿ ಎಳೆದುಬಿಡ್ಲಾ? ಇನ್ನೂ ಗಟ್ಟಿ ಬರುತ್ತೆ" ಅಂದರು. ಬೇಡ ಅಂದೆ. ಪೂರ್ತಿ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ, ಆಮೇಲೆ ಅಲೈನ್‌ಮೆಂಟ್ ದೇವರಿಗೇ ಪ್ರೀತಿ. ಸುಮಾರು 25 ಮಿಲ್ಲಿಮೀಟರ್ ವೆಲ್ಡ್, ಅದಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಖಾಲಿ, ಮತ್ತೆ ವೆಲ್ಡ್. ಎಡಕ್ಕೊಂದು, ಬಲಕ್ಕೊಂದು, ನಡುವೆ ಆರಲು ಬಿಡುವುದು. ಮಿಗ್ (ತಂತಿ ಉಣಿಸುತ್ತಾ ವೆಲ್ಡ್ ಮಾಡುವ) ಯಂತ್ರ, 0.8 ಮಿಲ್ಲಿಮೀಟರ್ ತಂತಿ.

ವೆಲ್ಡಿಂಗಿಗಿಂತ ಅದರ ತಯಾರಿಯೇ ಜಾಸ್ತಿ ಹೊತ್ತು ತಿನ್ನುತ್ತದೆ. ಜೋಡಣೆಯೊಳಗಿನ ಸೀಲರ್ ಕೆರೆಯಬೇಕು, ಪೇಂಟ್ ತೆಗೆಯಬೇಕು, ಹೊಳೆಯುವ ಲೋಹ ಕಾಣಬೇಕು. ಇಲ್ಲದಿದ್ದರೆ ವೆಲ್ಡ್ ತುಂಬಾ ತೂತು. ಬ್ಯಾಟರಿ ಮತ್ತು ಇಂಜಿನ್ ಕಂಟ್ರೋಲ್ ಯೂನಿಟ್ ಮೊದಲೇ ಬಿಚ್ಚಿಡಿ. ಇಂಧನ ಟ್ಯಾಂಕ್ ಅಂತೂ ಹೊರಗೇ ಇರಬೇಕು. ಮುಗಿದ ಮೇಲೆ ಜಿಂಕ್ ಪ್ರೈಮರ್, ಹೊಸ ಸೀಲರ್, ಒಳಭಾಗಕ್ಕೆ ಮೇಣದ ಸ್ಪ್ರೇ. ಬಿಸಿ ತಾಗಿದ ಕಡೆಯೇ ಮೊದಲು ತುಕ್ಕು ಶುರುವಾಗುವುದು.

ನಾನು ಗಮನ ಕೊಟ್ಟಿದ್ದು ಸ್ಟ್ರಟ್ ಟವರ್, ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಮತ್ತು ಬಾಗಿಲ ಚೌಕಟ್ಟಿಗೆ. ಟವರ್‌ಗಿಂತ ಮುಂದಿನ ರೈಲ್ (ಉದ್ದ ತೊಲೆ) ಮುಟ್ಟಲಿಲ್ಲ. ಢಿಕ್ಕಿಯಾದಾಗ ಮಡಚಿಕೊಳ್ಳಬೇಕಾದ ಭಾಗ ಅದು. ಹೊಸ ಕಾರುಗಳಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ. ಅವುಗಳ ಪಿಲ್ಲರ್‌ನಲ್ಲಿ ಬೋರಾನ್ ಸ್ಟೀಲ್ ಇರಬಹುದು. ವೆಲ್ಡಿಂಗ್ ಬಿಸಿಗೆ ಅದರ ಬಲವೇ ಇಳಿದುಹೋಗುತ್ತದೆ.

ಇನ್ನು ಎಲ್ಲರೂ ಮೊದಲು ಕೇಳುವ ಸ್ಟ್ರಟ್ ಬಾರ್. ಎರಡು ಟವರ್ ನಡುವೆ, ಒಂದರೊಳಗೊಂದು ಜಾರುವ ಪೈಪ್ ಕೂರಿಸಿ, ಒಳಗಿನ ಪೈಪಿಗೆ ರಬ್ಬರ್ ರಿಂಗ್ ಹಾಕಿ ಓಡಿಸಿದೆ. ಟವರ್‌ಗಳು ಹತ್ತಿರ ಬಂದಷ್ಟು ರಿಂಗ್ ಸರಿಯುತ್ತದೆ. ಸೀಮ್ ವೆಲ್ಡ್ ಆದ ಮೇಲೆ ಅದು ಅಷ್ಟೇನೂ ಸರಿಯಲಿಲ್ಲ. ಆದರೂ ಬಾರ್ ಹಾಕಿದ್ದೇನೆ, ಎರಡು ತುದಿಯಲ್ಲಿ ಕೀಲು ಇಲ್ಲದ್ದು. ಕೀಲು ಇರುವ ಬಾರ್ ಬರೀ ತಳ್ಳು-ಎಳೆತ ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಬಣ್ಣದ ಅಲ್ಯುಮಿನಿಯಂ ಬಾರ್ ಬಾನೆಟ್ ಎತ್ತಿದಾಗ ಚೆನ್ನಾಗಿ ಕಾಣುತ್ತದೆ, ಅದು ಬೇರೆ ವಿಷಯ.

ಕೊನೆಗೆ ರೋಲ್ ಕೇಜ್, ಅಂದರೆ ಕಾರಿನ ಒಳಗೆ ಕೂರಿಸುವ ಪೈಪುಗಳ ಪಂಜರ. ಇದು ಮೊದಲು ಜೀವ ಉಳಿಸಲು, ಆಮೇಲೆ ಗಟ್ಟಿತನಕ್ಕೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಮುಖ್ಯ ಹೂಪಿಗೆ (ಚಾಲಕನ ಹಿಂದೆ ನಿಲ್ಲುವ ಕಮಾನಿಗೆ) ಜೋಡಣೆಯಿಲ್ಲದ ಕಾರ್ಬನ್ ಸ್ಟೀಲ್ ಪೈಪ್ ಬೇಕು. 45 ಮಿಲ್ಲಿಮೀಟರ್ ಅಗಲ ಮತ್ತು 2.5 ದಪ್ಪ, ಇಲ್ಲವೇ 50 ಅಗಲ ಮತ್ತು 2.0 ದಪ್ಪ. ನಾನು ಎರಡನೆಯದನ್ನು ಆರಿಸಿದೆ. ಲೆಕ್ಕ ಹಾಕಿದರೆ ಬಾಗುವಿಕೆಗೆ ಅದು ಸುಮಾರು 15 ಶೇಕಡಾ ಜಾಸ್ತಿ ಗಟ್ಟಿ. ಮೀಟರಿಗೆ ತೂಕವೂ ಕಡಿಮೆ, 2.6ರ ಬದಲು 2.4 ಕಿಲೋ. ಪೈಪಿನ ಅಗಲ ಹೆಚ್ಚಿದಂತೆ ಗಟ್ಟಿತನ ಬೇಗ ಏರುತ್ತದೆ, ದಪ್ಪ ಹೆಚ್ಚಿಸಿದರೆ ಅಷ್ಟು ಸಿಗುವುದಿಲ್ಲ.

ಕೇಜಿನ ಪಾದಗಳ ಕೆಳಗೆ 3 ಮಿಲ್ಲಿಮೀಟರ್ ಪ್ಲೇಟ್, ಕನಿಷ್ಠ 120 ಚದರ ಸೆಂಟಿಮೀಟರ್. ಇಲ್ಲದಿದ್ದರೆ ಪೈಪ್ ನೆಲದ ತಗಡನ್ನೇ ತೂರಿಕೊಂಡು ಹೋಗುತ್ತದೆ. ಮುಂದಿನ ಕಾಲುಗಳಿಂದ ಫೈರ್‌ವಾಲ್ ದಾಟಿ ಟವರ್‌ವರೆಗೆ ಒಯ್ದ ಪೈಪುಗಳು, ಹಿಂದೆ ಹಿಂಬದಿ ಟವರ್‌ಗೆ ಇಳಿದ ಪೈಪುಗಳು. ಗಟ್ಟಿತನ ಬಂದಿದ್ದು ಈ ತ್ರಿಕೋನಗಳಿಂದಲೇ. ಬರೀ ಚೌಕ ಮಾಡಿ ನಿಲ್ಲಿಸಿದ ಕೇಜ್ ಓರೆಯಾಗಿ ವಾಲಿಬಿಡುತ್ತದೆ.

ರಸ್ತೆ ಕಾರಿಗೆ ಕೇಜ್ ಹಾಕಿಸಿಕೊಡಿ ಎಂದು ಕೇಳುವವರಿದ್ದಾರೆ. ಬೇಡ. ಹೆಲ್ಮೆಟ್ ಇಲ್ಲದ ತಲೆಗೆ ಆ ಪೈಪೇ ಶತ್ರು. ಜೊತೆಗೆ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ರಸ್ತೆ ಕಾರಿಗೆ ಹೊಸ ಬುಷ್, ಒಳ್ಳೆ ಟೈರ್ ಸಾಕು.

ಈಗ ಜಾಕ್ ಮೇಲೆ ಇದ್ದರೂ ಬಾಗಿಲು ಸಲೀಸಾಗಿ ಮುಚ್ಚುತ್ತದೆ. ಡ್ಯಾಂಪರ್ ಒಂದು ಕ್ಲಿಕ್ ತಿರುಗಿಸಿದರೆ ತಿರುವಿನಲ್ಲಿ ಗೊತ್ತಾಗುತ್ತದೆ. ಆದರೆ ಮುಂದಿನ ಸ್ಪ್ರಿಂಗ್ ಈಗ ಅತಿಯಾಗಿ ಗಡುಸು ಅನ್ನಿಸುತ್ತಿದೆ. ಮೊದಲು ಶೆಲ್ ಬಾಗಿ ಅರ್ಧ ನುಂಗುತ್ತಿದ್ದ ಹೊಡೆತ ಈಗ ಪೂರ್ತಿ ಟೈರಿಗೆ ಬೀಳುತ್ತಿದೆ. ಮುಂದಿನ ಸಲ ಟ್ರ್ಯಾಕಿಗೆ ಹೋಗುವಾಗ ಒಂದು ಮಟ್ಟ ಮೆತ್ತನೆಯ ಸ್ಪ್ರಿಂಗ್ ಜೊತೆಗೆ ಒಯ್ಯುತ್ತೇನೆ.